ಪಾಯಿಂಟಿಗೆ ಎಷ್ಟು ಪೈಸೆ? ಕ್ರೆಡಿಟ್ ಕಾರ್ಡ್ ಪಾಯಿಂಟಲ್ಲಿ ವಿಮಾನ ಟಿಕೆಟ್ ತೆಗೆಯುವ ಲೆಕ್ಕ

ಎಚ್‌ಡಿಎಫ್‌ಸಿ ಬ್ಯಾಂಕಿನ ಇನ್ಫಿನಿಯಾ ಕಾರ್ಡಿನಲ್ಲಿ 50,000 ಪಾಯಿಂಟ್ ಇವೆ ಅಂದುಕೊಳ್ಳಿ. ಅವನ್ನು ಕಾರ್ಡ್ ಬಿಲ್ಲಿಗೆ ಜಮಾ ಮಾಡಿಸಿಕೊಂಡರೆ ಸಿಗುವುದು 15,000 ರೂಪಾಯಿ. ಗಿಫ್ಟ್ ವೋಚರ್ ತಗೊಂಡರೆ ಸುಮಾರು 25,000. ಅದೇ ಬ್ಯಾಂಕಿನ ಸ್ಮಾರ್ಟ್‌ಬೈ ಪೋರ್ಟಲಿನಲ್ಲಿ ವಿಮಾನ ಟಿಕೆಟ್‌ಗೆ ಬಳಸಿದರೆ 50,000. ಕಾರ್ಡ್ ಒಂದೇ, ಪಾಯಿಂಟೂ ಅವೇ. ಯಾವ ಬಟನ್ ಒತ್ತಿದಿರಿ ಅನ್ನುವುದರ ಮೇಲೆ 35,000 ರೂಪಾಯಿ ಹೆಚ್ಚು ಕಡಿಮೆ ಆಗುತ್ತದೆ.

ಬಹಳ ಜನ ಮೊದಲನೇ ಬಟನ್ ಒತ್ತುತ್ತಾರೆ. ಯಾಕೆಂದರೆ ಅದೇ ಸುಲಭ. ಬ್ಯಾಂಕಿಗೂ ಅದೇ ಲಾಭ. ಉಳಿದವರು ಏನೂ ಒತ್ತದೆ, ‘ಇರಲಿ, ಸೇರ್ತಾ ಇರಲಿ’ ಅಂತ ಬಿಟ್ಟುಬಿಡುತ್ತಾರೆ. ಇದು ಇನ್ನೂ ನಷ್ಟದ ದಾರಿ. ಯಾಕೆ ಅಂತ ಆಮೇಲೆ ನೋಡೋಣ.

ಪಾಯಿಂಟಿಗೆ ತನ್ನದೇ ಆದ ಬೆಲೆ ಅಂತ ಒಂದಿಲ್ಲ. ಅದನ್ನು ಬಳಸುವ ಹೊತ್ತಿನಲ್ಲಿ ಅದಕ್ಕೆ ಬೆಲೆ ಬರುತ್ತದೆ. ಆದ್ದರಿಂದ ‘ನನ್ನ ಹತ್ರ ಎಷ್ಟು ಪಾಯಿಂಟ್ ಇವೆ’ ಅನ್ನುವುದಕ್ಕಿಂತ ‘ಈ ಟಿಕೆಟ್‌ನಲ್ಲಿ ನನ್ನ ಒಂದು ಪಾಯಿಂಟಿಗೆ ಎಷ್ಟು ಪೈಸೆ ಸಿಗ್ತಿದೆ’ ಅಂತ ಕೇಳಿಕೊಳ್ಳಬೇಕು. ಲೆಕ್ಕ ಸರಳ. ದುಡ್ಡು ಕೊಟ್ಟಿದ್ದರೆ ಎಷ್ಟಾಗುತ್ತಿತ್ತೋ ಅದರಿಂದ, ಪಾಯಿಂಟ್ ಬಳಸಿದರೂ ಕೈಯಿಂದ ಕೊಡಲೇಬೇಕಾದ ತೆರಿಗೆ ಮತ್ತು ಶುಲ್ಕ ಕಳೆಯಿರಿ. ಉಳಿದದ್ದನ್ನು ಪಾಯಿಂಟ್‌ಗಳ ಸಂಖ್ಯೆಯಿಂದ ಭಾಗಿಸಿ. ಅಷ್ಟೇ.

ಕಷ್ಟ ಇರುವುದು ಭಾಗಾಕಾರದಲ್ಲಲ್ಲ, ಮೊದಲ ಸಂಖ್ಯೆಯಲ್ಲಿ. ದುಡ್ಡು ಕೊಟ್ಟಿದ್ದರೆ ನಿಜವಾಗಿ ಎಷ್ಟಾಗುತ್ತಿತ್ತು? ಹೆಚ್ಚಿನವರು ತಪ್ಪುವುದು ಇಲ್ಲೇ.

ಬ್ಯಾಂಕ್ ಪೋರ್ಟಲ್ ದಾರಿ

ಮೊದಲು ಸುಲಭದ ಪ್ರಕರಣ. ಬೆಂಗಳೂರಿನಿಂದ ದೆಹಲಿಗೆ ಹೋಗಿಬರಬೇಕು. ಬ್ಯಾಂಕಿನ ಪೋರ್ಟಲಿನಲ್ಲಿ ಟಿಕೆಟ್ 12,400 ರೂಪಾಯಿ ತೋರಿಸುತ್ತಿದೆ. ಪಾಯಿಂಟಿಗೆ ಒಂದು ರೂಪಾಯಿಯಂತೆ 12,400 ಪಾಯಿಂಟ್. ನೋಡಿದರೆ ಪೂರ್ತಿ ಒಂದು ರೂಪಾಯಿ ಸಿಕ್ಕಿತು ಅನ್ನಿಸುತ್ತದೆ.

ಆದರೆ ನಮ್ಮಲ್ಲಿ ಯಾರೂ ಟಿಕೆಟ್‌ಗೆ ಬೋರ್ಡಿನ ಬೆಲೆ ಕೊಡುವುದಿಲ್ಲ ಅಲ್ವಾ? ಮೇಕ್‌ಮೈಟ್ರಿಪ್, ಕ್ಲಿಯರ್‌ಟ್ರಿಪ್, ಗೋಐಬಿಬೋ, ಎಲ್ಲ ಕಡೆಯೂ ಯಾವುದಾದರೊಂದು ಬ್ಯಾಂಕ್ ಕಾರ್ಡಿಗೆ ರಿಯಾಯಿತಿ ಇದ್ದೇ ಇರುತ್ತದೆ. ಅದೇ ವಿಮಾನ, ಅದೇ ಸೀಟು, ಆಫರ್ ಕಳೆದು 10,800ಕ್ಕೆ ಸಿಗುತ್ತಿತ್ತು ಅನ್ನಿ. ಆಗ ನೀವು ಉಳಿಸಿದ್ದು 10,800, 12,400 ಅಲ್ಲ. ಇನ್ನೊಂದು ವಿಷಯ ಇದೆ. ದುಡ್ಡು ಕೊಟ್ಟು ತೆಗೆದಿದ್ದರೆ ಆ ಖರ್ಚಿಗೂ ಹೊಸ ಪಾಯಿಂಟ್ ಬರುತ್ತಿತ್ತು. ನೂರಕ್ಕೆ ಮೂರು ರೂಪಾಯಿ ಮೂವತ್ತಮೂರು ಪೈಸೆಯಷ್ಟು ವಾಪಸ್ ಬರುವ ಕಾರ್ಡಾದರೆ ಸುಮಾರು 360 ರೂಪಾಯಿ. ಪಾಯಿಂಟ್‌ನಲ್ಲಿ ತೆಗೆದರೆ ಅದು ಬರುವುದಿಲ್ಲ. ಅದನ್ನೂ ಕಳೆದರೆ 10,440. ಇದನ್ನು 12,400ರಿಂದ ಭಾಗಿಸಿ: 84 ಪೈಸೆ.

84 ಪೈಸೆ ಕೆಟ್ಟದ್ದೇನಲ್ಲ. ಬಿಲ್ಲಿಗೆ ಜಮಾ ಮಾಡಿಸಿಕೊಂಡಾಗ ಸಿಗುವ 30 ಪೈಸೆಗಿಂತ ಬಹಳ ಮೇಲು. ಆದರೆ ಒಂದು ರೂಪಾಯಿ ಸಿಕ್ಕಿತು ಅಂತ ಹೇಳಿಕೊಂಡು ತಿರುಗುವ ಹಾಗಿಲ್ಲ.

ಎಲ್ಲ ಕಾರ್ಡಿನಲ್ಲೂ ಒಂದು ರೂಪಾಯಿ ದರ ಇರುವುದಿಲ್ಲ ಅನ್ನುವುದೂ ನೆನಪಿರಲಿ. ಅದೇ ಬ್ಯಾಂಕಿನ ರೆಗಾಲಿಯಾ ಗೋಲ್ಡ್‌ನಲ್ಲಿ ವಿಮಾನ ಟಿಕೆಟ್‌ಗೆ ಪಾಯಿಂಟಿಗೆ 50 ಪೈಸೆ, ಬಿಲ್ಲಿಗಾದರೆ 20 ಪೈಸೆ. ಟಿಕೆಟ್ ಬೆಲೆಯ ಒಂದು ಭಾಗಕ್ಕೆ ಮಾತ್ರ ಪಾಯಿಂಟ್ ಬಳಸಬಹುದು, ಉಳಿದದ್ದನ್ನು ಕಾರ್ಡಿನಲ್ಲೇ ಕೊಡಬೇಕು ಅನ್ನುವ ನಿಯಮವೂ ಇರುತ್ತದೆ. ರಿಡೀಮ್ ಮಾಡಲು, ಅಂದರೆ ಪಾಯಿಂಟ್ ಬಳಸಿಕೊಳ್ಳಲು, ಕೆಲವು ಬ್ಯಾಂಕು 99 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಹಾಕುತ್ತವೆ. ಮೂರು ಸಾವಿರದ ಹುಬ್ಬಳ್ಳಿ ಟಿಕೆಟ್‌ನಲ್ಲಿ 117 ರೂಪಾಯಿ ಕಣ್ಣಿಗೆ ಬೀಳುವ ಮೊತ್ತವೇ. ಬ್ಯಾಂಕುಗಳು ಈ ದರಗಳನ್ನು ಆಗಾಗ ಬದಲಿಸುವುದರಿಂದ ಬಳಸುವ ದಿನ ಆ್ಯಪ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.

ಪೋರ್ಟಲಿನಲ್ಲಿ ತೆಗೆದ ಟಿಕೆಟ್‌ಗೆ ನಡುವೆ ಒಬ್ಬ ಏಜೆಂಟ್ ಇರುತ್ತಾನೆ ಅನ್ನುವುದನ್ನು ಜನ ಮರೆಯುತ್ತಾರೆ. ತಾರೀಖು ಬದಲಿಸಬೇಕು, ರದ್ದು ಮಾಡಬೇಕು ಅಂದರೆ ಏರ್‌ಲೈನ್‌ನವರು ‘ನೀವು ಬುಕ್ ಮಾಡಿದ ಕಡೆ ಕೇಳಿ’ ಅನ್ನುತ್ತಾರೆ. ಏರ್‌ಲೈನ್ ಕಡಿತದ ಜೊತೆಗೆ ಏಜೆಂಟ್ ಕಡಿತವೂ ಸೇರುತ್ತದೆ. ಹೋಗುವುದು ಖಾತ್ರಿ ಇಲ್ಲದ ಪ್ರಯಾಣಕ್ಕೆ ಈ ದಾರಿ ಬೇಡ ಅನ್ನುವುದು ನನ್ನ ಮಾತು.

ಎರಡನೇ ದಾರಿ: ಪಾಯಿಂಟನ್ನು ಮೈಲ್ಸ್ ಮಾಡುವುದು

ಇಲ್ಲಿ ವಿಷಯ ಸ್ವಲ್ಪ ಗೋಜಲು. ಲಾಭ ಇರುವುದೂ ಇಲ್ಲೇ.

ಮೈಲ್ಸ್ ಅಂದರೆ ಏರ್‌ಲೈನ್ ಕೊಡುವ ಪಾಯಿಂಟ್. ಬ್ಯಾಂಕ್ ಪಾಯಿಂಟನ್ನು ಅದಕ್ಕೆ ಬದಲಿಸಿಕೊಂಡು ಟಿಕೆಟ್ ತೆಗೆಯಬಹುದು. ದೊಡ್ಡ ಏರ್‌ಲೈನ್‌ಗಳಿಗೆ ತಮ್ಮದೇ ಮೈಲ್ಸ್ ಕಾರ್ಯಕ್ರಮ ಇರುತ್ತದೆ. ಸಿಂಗಾಪುರ್ ಏರ್‌ಲೈನ್ಸ್‌ನದು ಕ್ರಿಸ್‌ಫ್ಲೈಯರ್, ಏರ್ ಇಂಡಿಯಾದ್ದು ಮಹಾರಾಜ ಕ್ಲಬ್, ಏರ್ ಫ್ರಾನ್ಸ್ ಮತ್ತು ಕೆಎಲ್‌ಎಂ ಎರಡಕ್ಕೂ ಸೇರಿ ಫ್ಲೈಯಿಂಗ್ ಬ್ಲೂ, ಏರ್ ಕೆನಡಾದ್ದು ಏರೋಪ್ಲಾನ್. ಬ್ರಿಟಿಷ್ ಏರ್‌ವೇಸ್, ಕತಾರ್ ಏರ್‌ವೇಸ್, ಫಿನ್‌ಏರ್ ಮುಂತಾದವು ‘ಏವಿಯೋಸ್’ ಎಂಬ ಒಂದೇ ನಾಣ್ಯ ಬಳಸುತ್ತವೆ. ಈ ಪದ್ಧತಿ ಶುರುವಾದದ್ದು 1981ರಲ್ಲಿ, ಅಮೆರಿಕನ್ ಏರ್‌ಲೈನ್ಸ್‌ನ ಅಡ್ವಾಂಟೇಜ್ ಕಾರ್ಯಕ್ರಮದ ಕಾಲಕ್ಕೆ. ಆಗ ವಿಮಾನ ಹತ್ತಿದವರಿಗೆ ಮಾತ್ರ ಮೈಲ್ಸ್. ಈಗ ವಿಮಾನ ಹತ್ತದೆ, ಜಯನಗರದಲ್ಲಿ ದಿನಸಿ ಕೊಂಡವರಿಗೂ ಸಿಗುತ್ತದೆ. ಬ್ಯಾಂಕುಗಳು ಏರ್‌ಲೈನ್‌ಗಳಿಂದ ಮೈಲ್ಸ್ ಸಗಟಾಗಿ ಕೊಂಡು ನಮಗೆ ಹಂಚುತ್ತವೆ.

ಪೋರ್ಟಲಿನಲ್ಲಿ ಪಾಯಿಂಟ್ ಟಿಕೆಟ್ ಬೆಲೆಗೆ ಅಂಟಿಕೊಂಡಿರುತ್ತದೆ. ಬೆಲೆ ಏರಿದರೆ ಪಾಯಿಂಟೂ ಏರುತ್ತದೆ. ಮೈಲ್ಸ್‌ನಲ್ಲಿ ಹಾಗಲ್ಲ. ಹಲವು ಏರ್‌ಲೈನ್‌ಗಳು ‘ಈ ಊರಿಂದ ಆ ಊರಿಗೆ ಇಷ್ಟು ಮೈಲ್ಸ್’ ಅಂತ ಒಂದು ಪಟ್ಟಿ ಇಟ್ಟಿರುತ್ತವೆ. ಟಿಕೆಟ್ 15,000 ಇರಲಿ, 40,000 ಇರಲಿ, ಮೈಲ್ಸ್ ಅಷ್ಟೇ. ಆದರೆ ಪ್ರತಿ ವಿಮಾನದಲ್ಲೂ ಆ ದರಕ್ಕೆ ಕೆಲವೇ ಸೀಟು. ಮಾರಾಟ ಆಗಲಿಕ್ಕಿಲ್ಲ ಅನ್ನಿಸಿದ ಸೀಟುಗಳನ್ನು ಏರ್‌ಲೈನ್ ಇದಕ್ಕೆ ಬಿಡುತ್ತದೆ. ದಸರಾ ರಜೆಯಲ್ಲೋ ಏಪ್ರಿಲ್, ಮೇ ತಿಂಗಳಲ್ಲೋ ದುಡ್ಡಿನ ದರ ಗಗನಕ್ಕೇರಿದಾಗ ಇಂಥ ಒಂದು ಸೀಟು ಸಿಕ್ಕಿತೋ, ಮೈಲಿಗೆ ಒಳ್ಳೇ ಬೆಲೆ ಬಂದ ಹಾಗೆ. ಸಿಗುವುದು ಕಷ್ಟ ಅನ್ನುವುದೂ ನಿಜ.

ಒಂದು ಲೆಕ್ಕ ಹಾಕೋಣ. ಇಲ್ಲಿರುವ ಟಿಕೆಟ್ ಸಂಖ್ಯೆಗಳು ಉದಾಹರಣೆಗೆ ಇಟ್ಟುಕೊಂಡವು. ಬೆಂಗಳೂರಿನಿಂದ ಸಿಂಗಾಪುರಕ್ಕೆ, ಒಂದು ಕಡೆಗೆ. ಸಿಂಗಾಪುರ್ ಏರ್‌ಲೈನ್ಸ್‌ನಲ್ಲಿ 20,000 ಮೈಲ್ಸ್ ಮತ್ತು 4,500 ರೂಪಾಯಿ ತೆರಿಗೆ. ದುಡ್ಡಿಗಾದರೆ 17,500. ಹದಿನೇಳೂವರೆಯಿಂದ ನಾಲ್ಕೂವರೆ ಕಳೆದರೆ 13,000. ಅದನ್ನು 20,000ದಿಂದ ಭಾಗಿಸಿದರೆ ಮೈಲಿಗೆ 65 ಪೈಸೆ.

‘ಅಯ್ಯೋ, ಪೋರ್ಟಲಿನಲ್ಲಿ 84 ಪೈಸೆ ಸಿಗ್ತಿತ್ತಲ್ಲ!’ ಅನ್ನಬೇಡಿ. 65 ಪೈಸೆ ಮೈಲಿನದು, ನಿಮ್ಮ ಬ್ಯಾಂಕ್ ಪಾಯಿಂಟಿನದಲ್ಲ. ನಡುವೆ, ಎಷ್ಟು ಪಾಯಿಂಟಿಗೆ ಎಷ್ಟು ಮೈಲ್ ಅನ್ನುವ ಟ್ರಾನ್ಸ್‌ಫರ್ ದರ ಬರುತ್ತದೆ. ಆಕ್ಸಿಸ್ ಬ್ಯಾಂಕಿನ ಅಟ್ಲಾಸ್ ಕಾರ್ಡಿನಲ್ಲಿ ಒಂದು ಎಡ್ಜ್ ಮೈಲ್ (ಆ ಕಾರ್ಡಿನ ಪಾಯಿಂಟಿನ ಹೆಸರು) ಕೊಟ್ಟರೆ ಕ್ರಿಸ್‌ಫ್ಲೈಯರ್‌ನಂಥ ಕಾರ್ಯಕ್ರಮದಲ್ಲಿ ಎರಡು ಮೈಲ್ ಸಿಗುವ ವ್ಯವಸ್ಥೆ ಇದೆ, ವರ್ಷಕ್ಕೆ ಇಷ್ಟೇ ಅನ್ನುವ ಮಿತಿಯೊಳಗೆ. ಅಂದರೆ 20,000 ಮೈಲ್ಸ್‌ಗೆ 10,000 ಪಾಯಿಂಟ್ ಸಾಕು. ಪಾಯಿಂಟಿಗೆ 1 ರೂಪಾಯಿ 30 ಪೈಸೆ ಆಯಿತು. ಅದೇ ಎರಡು ಪಾಯಿಂಟಿಗೆ ಒಂದು ಮೈಲ್ ಕೊಡುವ ಕಾರ್ಡಾದರೆ 40,000 ಪಾಯಿಂಟ್ ಬೇಕು. ಆಗ ಪಾಯಿಂಟಿಗೆ ಮೂವತ್ತೆರಡೂವರೆ ಪೈಸೆ. ವಿಮಾನ, ಸೀಟು, ಊಟ ಎಲ್ಲ ಒಂದೇ. ಒಬ್ಬರಿಗೆ ಭರ್ಜರಿ ಲಾಭ, ಪಕ್ಕದವರಿಗೆ ನಷ್ಟ. ‘ಮೈಲ್ಸ್ ಮಾಡಿದರೆ ಯಾವಾಗಲೂ ಲಾಭ’ ಅಂತ ಯಾರಾದರೂ ಹೇಳಿದರೆ ಮೊದಲು ಅವರ ಕಾರ್ಡ್ ಯಾವುದು ಅಂತ ಕೇಳಿ.

ಇದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ. ಅದೇ ದಿನ ಇನ್ನೊಂದು ಅಗ್ಗದ ಏರ್‌ಲೈನ್‌ನಲ್ಲಿ ಸಿಂಗಾಪುರಕ್ಕೆ 9,000ಕ್ಕೆ ಟಿಕೆಟ್ ಇದೆ. ಪಾಯಿಂಟ್ ಇಲ್ಲದಿದ್ದರೆ ನೀವು ಅದರಲ್ಲೇ ಹೋಗುತ್ತಿದ್ದಿರಿ. ಹಾಗಾದರೆ ನಿಮ್ಮ ಮೊದಲ ಸಂಖ್ಯೆ 17,500 ಅಲ್ಲ, 9,000. ಅದರಿಂದ 4,500 ಕಳೆದು ಭಾಗಿಸಿದರೆ ಮೈಲಿಗೆ ಇಪ್ಪತ್ತೆರಡೂವರೆ ಪೈಸೆ. ಊಟ, ಲಗೇಜು, ಕಾಲು ಚಾಚುವ ಜಾಗಕ್ಕೆ ನೀವು ಸಾವಿರವೋ ಎರಡು ಸಾವಿರವೋ ಕೊಡಲು ತಯಾರಿದ್ದರೆ ಅದನ್ನು ಸೇರಿಸಿಕೊಳ್ಳಿ. ಅಷ್ಟಾದರೂ ಅಂದು ದುಡ್ಡು ಕೊಟ್ಟು ಹೋಗಿ, ಮೈಲ್ಸ್ ಇಟ್ಟುಕೊಳ್ಳುವುದೇ ಜಾಣತನ.

ಬಿಸಿನೆಸ್ ಕ್ಲಾಸ್ ಭ್ರಮೆ

ಪಾಯಿಂಟ್ ಪಂಡಿತರ ವಿಡಿಯೋಗಳಲ್ಲಿ ‘ಒಂದು ಪಾಯಿಂಟಿಗೆ ಮೂರು ರೂಪಾಯಿ’ ಅನ್ನುವ ಮಾತು ಬರುತ್ತದೆ. ಅದು ಬರುವುದು ಬಿಸಿನೆಸ್ ಕ್ಲಾಸಿನಿಂದ. ಅದೇ ಸಿಂಗಾಪುರ ದಾರಿಯಲ್ಲಿ ದುಡ್ಡಿಗೆ 75,000 ಇರುವ ಸೀಟನ್ನು 43,000 ಮೈಲ್ಸ್ ಮತ್ತು 5,000 ರೂಪಾಯಿಗೆ ತೆಗೆದರೆ ಮೈಲಿಗೆ 1 ರೂಪಾಯಿ 63 ಪೈಸೆ. ಅಟ್ಲಾಸ್‌ನಂಥ ದರದಲ್ಲಿ ಪಾಯಿಂಟಿಗೆ ಅದರ ಎರಡರಷ್ಟು, ಮೂರು ರೂಪಾಯಿಗೂ ಮೇಲೆ. ಲೆಕ್ಕವೇನೋ ಸರಿ.

ಆದರೆ ಜೇಬಿನಿಂದ 75,000 ಕೊಟ್ಟು ನಾಲ್ಕೂವರೆ ಗಂಟೆಯ ಪ್ರಯಾಣಕ್ಕೆ ಆ ಸೀಟು ತಗೊಳ್ಳುತ್ತಿದ್ದಿರಾ? ಇಲ್ಲ ಅಂದರೆ ನೀವು ಉಳಿಸಿದ್ದು 75,000 ಅಲ್ಲ. ‘ಅಷ್ಟು ಸುಖಕ್ಕೆ ನಾನು 30,000 ಕೊಟ್ಟೇನು’ ಅನ್ನುವವರಿಗೆ ಅದರ ಬೆಲೆ 30,000. ತೆರಿಗೆ ಕಳೆದರೆ 25,000, ಮೈಲಿಗೆ 58 ಪೈಸೆ. ಇಕಾನಮಿಯ 65 ಪೈಸೆಗಿಂತ ಕಡಿಮೆ!

ಹಾಗಂತ ಬಿಸಿನೆಸ್ ಕ್ಲಾಸ್ ಬೇಡ ಅಂತಲ್ಲ. ಮಂಡಿನೋವಿನ ಅಮ್ಮನನ್ನು ಹದಿನಾರು ಗಂಟೆ ಕೂರಿಸಿಕೊಂಡು ಹೋಗುವವರಿಗೆ ಮಲಗುವ ಸೀಟಿನ ಬೆಲೆ ಬೇರೆಯೇ. ಆ ಬೆಲೆಯನ್ನು ನೀವು ಹಾಕಬೇಕು, ವೆಬ್‌ಸೈಟ್ ಅಲ್ಲ. ದೂರದ ರಾತ್ರಿ ಪ್ರಯಾಣಕ್ಕೆ ಮೈಲ್ಸ್ ಸುರಿಯುವುದರಲ್ಲಿ ಅರ್ಥ ಇದೆ. ನಾಲ್ಕು ಗಂಟೆಯ ಹಗಲು ಪ್ರಯಾಣಕ್ಕೆ, ನನ್ನ ಕೇಳಿದರೆ, ಇಲ್ಲ.

ಮೈಲ್ಸ್ ಒಬ್ಬರದು, ವಿಮಾನ ಇನ್ನೊಬ್ಬರದು

ಕ್ರಿಸ್‌ಫ್ಲೈಯರ್ ಮೈಲ್ಸ್ ಇದ್ದರೆ ಸಿಂಗಾಪುರ್ ಏರ್‌ಲೈನ್ಸ್‌ನಲ್ಲೇ ಹೋಗಬೇಕು ಅಂತೇನಿಲ್ಲ. ಏರ್‌ಲೈನ್‌ಗಳು ಮೂರು ದೊಡ್ಡ ಒಕ್ಕೂಟ ಮಾಡಿಕೊಂಡಿವೆ. ಒಂದೇ ಒಕ್ಕೂಟದವರು ಒಬ್ಬರ ಮೈಲ್ಸ್‌ಗೆ ಇನ್ನೊಬ್ಬರು ಸೀಟು ಕೊಡುತ್ತಾರೆ. ಸ್ಟಾರ್ ಅಲಯನ್ಸ್‌ನಲ್ಲಿ ಸಿಂಗಾಪುರ್, ಲುಫ್ತಾನ್ಸಾ, ಥಾಯ್, ಟರ್ಕಿಶ್, ಏರ್ ಕೆನಡಾ, ಯುನೈಟೆಡ್ ಇವೆ. 2014ರ ಜುಲೈನಿಂದ ಏರ್ ಇಂಡಿಯಾ ಕೂಡ ಇದೆ. ಒನ್‌ವರ್ಲ್ಡ್‌ನಲ್ಲಿ ಬ್ರಿಟಿಷ್ ಏರ್‌ವೇಸ್, ಕತಾರ್, ಕ್ಯಾಥೆ, ಜಪಾನ್ ಏರ್‌ಲೈನ್ಸ್, ಮಲೇಷ್ಯಾ ಏರ್‌ಲೈನ್ಸ್. ಸ್ಕೈಟೀಮ್‌ನಲ್ಲಿ ಏರ್ ಫ್ರಾನ್ಸ್, ಕೆಎಲ್‌ಎಂ, ವರ್ಜಿನ್ ಅಟ್ಲಾಂಟಿಕ್. ಇವುಗಳಲ್ಲಿ ಹಲವು ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ನೇರ ಬರುತ್ತವೆ. ಹಾಗಾಗಿ ಬೆಂಗಳೂರಿನವರಿಗೆ ಆಯ್ಕೆ ಚೆನ್ನಾಗಿದೆ. ಏವಿಯೋಸ್ ಕೊಟ್ಟು ಟೋಕಿಯೋಗೆ ಜಪಾನ್ ಏರ್‌ಲೈನ್ಸ್ ಹತ್ತಬಹುದು, ಏರೋಪ್ಲಾನ್ ಪಾಯಿಂಟ್ ಕೊಟ್ಟು ಫ್ರಾಂಕ್‌ಫರ್ಟ್‌ಗೆ ಲುಫ್ತಾನ್ಸಾ ಹತ್ತಬಹುದು. ಎಮಿರೇಟ್ಸ್ ಮತ್ತು ಎತಿಹಾದ್ ಈ ಮೂರರಲ್ಲಿ ಯಾವುದರಲ್ಲೂ ಇಲ್ಲ. ಇಂಡಿಗೋ ಕೂಡ ಇಲ್ಲ. ಆದ್ದರಿಂದ ಬೆಳಗಾವಿ, ಹುಬ್ಬಳ್ಳಿಯಂಥ ಊರುಗಳಿಗೆ ಇಂಡಿಗೋದಲ್ಲಿ ಓಡಾಡುವವರಿಗೆ ಸಾಮಾನ್ಯವಾಗಿ ಬ್ಯಾಂಕ್ ಪೋರ್ಟಲೇ ಸಲೀಸು.

ಒಂದೇ ವಿಮಾನದ ಒಂದೇ ಸೀಟಿಗೆ ಬೇರೆ ಬೇರೆ ಕಾರ್ಯಕ್ರಮಗಳಲ್ಲಿ ಬೇರೆ ಬೇರೆ ಮೈಲ್ಸ್ ಕೇಳುತ್ತಾರೆ. ಮೈಲ್ಸ್ ಒಂದೇ ಕೇಳಿದರೂ ಕೈಯಿಂದ ಕೊಡುವ ದುಡ್ಡು ಬೇರೆ ಆಗಬಹುದು. ಇದಕ್ಕೆ ಕಾರಣ ಕ್ಯಾರಿಯರ್ ಸರ್‌ಚಾರ್ಜ್. ಹಳೇ ಹೆಸರು ಇಂಧನ ಸರ್‌ಚಾರ್ಜ್. ಇದು ಸರ್ಕಾರದ ತೆರಿಗೆಯಲ್ಲ, ಏರ್‌ಲೈನ್ ತನ್ನ ಜೇಬಿಗೆ ಹಾಕಿಕೊಳ್ಳುವ ದುಡ್ಡು. ಟಿಕೆಟ್ ‘ಉಚಿತ’ ಅಂತ ಹೇಳಿ, ‘ತೆರಿಗೆ ಮತ್ತು ಶುಲ್ಕ’ ಅನ್ನುವ ಸಾಲಿನೊಳಗೆ ಹತ್ತಿಪ್ಪತ್ತು ಸಾವಿರ ಸೇರಿಸಿಬಿಡುತ್ತಾರೆ. ಸಿಂಗಾಪುರ್ ಏರ್‌ಲೈನ್ಸ್ ತನ್ನದೇ ವಿಮಾನದ ಮೈಲ್ಸ್ ಟಿಕೆಟ್‌ಗೆ ಇದನ್ನು 2017ರಲ್ಲಿ ಕೈಬಿಟ್ಟಿತು. ಏರೋಪ್ಲಾನ್ ಕೂಡ ವಸೂಲಿ ಮಾಡುವುದಿಲ್ಲ, ಬೇರೆ ಏರ್‌ಲೈನ್ ಟಿಕೆಟ್ ಆದರೆ 39 ಕೆನಡಾ ಡಾಲರ್ ಬುಕಿಂಗ್ ಶುಲ್ಕ ಹಾಕುತ್ತದೆ, ಅಷ್ಟೇ. ಯುರೋಪಿನ ಹಲವು ಏರ್‌ಲೈನ್‌ಗಳ ಸ್ವಂತ ಕಾರ್ಯಕ್ರಮದಲ್ಲಿ ಇದು ಜೋರಾಗಿಯೇ ಇದೆ.

ನಿಜವಾದ ತೆರಿಗೆಯಲ್ಲೂ ವ್ಯತ್ಯಾಸ ಇದೆ. ಲಂಡನ್‌ನಿಂದ ಹೊರಡುವವರ ಮೇಲೆ ಬ್ರಿಟನ್ ಸರ್ಕಾರ ಏರ್ ಪ್ಯಾಸೆಂಜರ್ ಡ್ಯೂಟಿ ಹಾಕುತ್ತದೆ. ಭಾರತದಷ್ಟು ದೂರಕ್ಕೆ ಬಿಸಿನೆಸ್ ಕ್ಲಾಸಾದರೆ ಅದು ಇಕಾನಮಿಯ ಎರಡರಷ್ಟಕ್ಕೂ ಜಾಸ್ತಿ. ಹೋಗುವಾಗ ಮೈಲ್ಸ್‌ನಲ್ಲಿ ಬಿಸಿನೆಸ್, ಬರುವಾಗ ಇಕಾನಮಿ ಅಂತ ಎರಡು ಬೇರೆ ಟಿಕೆಟ್ ತೆಗೆಯುವುದು ಎಷ್ಟೋ ಸಲ ಅಗ್ಗವಾಗುವುದು ಇದಕ್ಕೇ. ಇನ್ನೊಂದು ಚಿಕ್ಕ ವಿಷಯ. ಈ ತೆರಿಗೆಯನ್ನು ಡಾಲರಿನಲ್ಲೋ ಪೌಂಡಿನಲ್ಲೋ ಕಟ್ಟಬೇಕಾಗಿ ಬಂದರೆ, ಮೂರೂವರೆ ಪರ್ಸೆಂಟ್ ಫಾರೆಕ್ಸ್ ಶುಲ್ಕ ಇರುವ ಕಾರ್ಡಿನಲ್ಲಿ ಜಿಎಸ್‌ಟಿ ಸೇರಿ 4.13 ಪರ್ಸೆಂಟ್ ಹೋಗುತ್ತದೆ. ಫಾರೆಕ್ಸ್ ಶುಲ್ಕ ಕಡಿಮೆ ಇರುವ ಕಾರ್ಡ್ ಇದ್ದರೆ ಅದನ್ನೇ ಬಳಸಿ.

ಸೀಟು ಸಿಕ್ಕ ಮೇಲೆ ಟ್ರಾನ್ಸ್‌ಫರ್

ಬ್ಯಾಂಕ್ ಪಾಯಿಂಟನ್ನು ಮೈಲ್ಸ್ ಮಾಡಿದ ಮೇಲೆ ವಾಪಸ್ ತರಲು ಆಗುವುದಿಲ್ಲ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಬ್ಯಾಂಕಿನಲ್ಲಿರುವಾಗ ಅದು ಬ್ಯಾಂಕಿನ ಪಟ್ಟಿಯಲ್ಲಿರುವ ಯಾವ ಏರ್‌ಲೈನ್‌ಗಾದರೂ ಹೋಗಬಹುದು, ಹೋಟೆಲ್‌ಗೂ ಹೋಗಬಹುದು. ಕಳಿಸಿದ ಮೇಲೆ ಒಂದೇ ಕಡೆ ಸಿಕ್ಕಿಕೊಳ್ಳುತ್ತದೆ, ಅವಧಿಯ ಗಡಿಯಾರವೂ ಶುರುವಾಗುತ್ತದೆ. ಕ್ರಿಸ್‌ಫ್ಲೈಯರ್ ಮೈಲ್ಸ್‌ಗೆ ಮೂರು ವರ್ಷ ಆಯಸ್ಸು. ಆದ್ದರಿಂದ ಮೊದಲು ಏರ್‌ಲೈನ್ ವೆಬ್‌ಸೈಟಿನಲ್ಲಿ ಲಾಗಿನ್ ಆಗಿ, ಮೈಲ್ಸ್ ಸೀಟು ಇದೆಯೇ, ಎಷ್ಟು ಮೈಲ್ಸ್, ಎಷ್ಟು ತೆರಿಗೆ ಅಂತ ಕೊನೆಯ ಪುಟದವರೆಗೂ ಹೋಗಿ ನೋಡಿ. ಆಮೇಲೆ ಕಳಿಸಿ. ಮೈಲ್ಸ್ ಖಾತೆಯಲ್ಲಿ ಸಾಕಷ್ಟು ಇಲ್ಲದಿದ್ದರೂ ಹೆಚ್ಚಿನ ಕಡೆ ಹುಡುಕಲು ತೊಂದರೆ ಇರುವುದಿಲ್ಲ.

ಇಲ್ಲೊಂದು ತಾಪತ್ರಯ ಇದೆ. ಕಳಿಸಿದ ಮೈಲ್ಸ್ ಕೆಲವು ಕಡೆ ನಿಮಿಷಗಳಲ್ಲಿ ಸೇರುತ್ತದೆ, ಕೆಲವು ಕಡೆ ದಿನಗಳೇ ಬೇಕು. ಅಷ್ಟರೊಳಗೆ ಸೀಟು ಹೋಗಿಬಿಡಬಹುದು. ನಿಮ್ಮ ಬ್ಯಾಂಕಿನಿಂದ ಆ ಏರ್‌ಲೈನ್‌ಗೆ ಸಾಮಾನ್ಯವಾಗಿ ಎಷ್ಟು ಹೊತ್ತು ಬೇಕು ಅಂತ ಮೊದಲೇ ತಿಳಿದುಕೊಳ್ಳಿ. ನಿಧಾನದ ದಾರಿಯಾದರೆ, ಒಂದೇ ಸೀಟಲ್ಲ, ಹಿಂದೆ ಮುಂದೆ ಎರಡು ಮೂರು ದಿನಗಳಲ್ಲೂ ಸೀಟು ಇರುವಾಗ ಮಾತ್ರ ಕಳಿಸಿ.

ಸೀಟು ಯಾವಾಗ ಸಿಗುತ್ತದೆ? ಸಿಂಗಾಪುರ್ ಏರ್‌ಲೈನ್ಸ್ 355 ದಿನ ಮುಂಚೆ ಬುಕಿಂಗ್ ತೆರೆಯುತ್ತದೆ. ಶಾಲೆ ರಜೆಗೆ ಕಟ್ಟುಬಿದ್ದವರು ಅಷ್ಟು ಮುಂಚೆಯೇ ನೋಡಬೇಕು. ಇಲ್ಲವೇ ಹೊರಡಲು ಎರಡು ವಾರ ಇರುವಾಗ, ಮಾರಾಟವಾಗದ ಸೀಟನ್ನು ಏರ್‌ಲೈನ್ ಬಿಡುವ ಹೊತ್ತಿಗೆ. ನಡುವಿನ ತಿಂಗಳುಗಳಲ್ಲಿ ಹುಡುಕಿದವರು ‘ಸುಮ್ನೆ ಹೇಳ್ತಾರೆ, ಸೀಟೇ ಇರಲ್ಲ’ ಅಂತ ಬೇಸರಪಡುವುದು ಹೆಚ್ಚು. ಮಕ್ಕಳು ಸೇರಿ ನಾಲ್ಕು ಸೀಟು ಒಟ್ಟಿಗೆ ಹುಡುಕಿದರೆ ಇಲ್ಲ ಅನ್ನಬಹುದು. ಎರಡೆರಡಾಗಿ ಹುಡುಕಿ ನೋಡಿ. ಕ್ರಿಸ್‌ಫ್ಲೈಯರ್‌ನಲ್ಲಿ ವೇಟ್‌ಲಿಸ್ಟ್ ಕೂಡ ಇದೆ. ತಾರೀಖು ನಿಮ್ಮ ಕೈಯಲ್ಲಿದ್ದರೆ ರಿಯಾಯಿತಿಗಳನ್ನು ಗಮನಿಸಿ. ಸಿಂಗಾಪುರ್ ಏರ್‌ಲೈನ್ಸ್‌ನ ಸ್ಪಾಂಟೇನಿಯಸ್ ಎಸ್ಕೇಪ್ಸ್‌ನಲ್ಲಿ ಆಯ್ದ ಊರುಗಳಿಗೆ ಮೈಲ್ಸ್ ಸಾಮಾನ್ಯವಾಗಿ 30 ಪರ್ಸೆಂಟ್ ಕಡಿಮೆ. ಫ್ಲೈಯಿಂಗ್ ಬ್ಲೂ ಪ್ರತಿ ತಿಂಗಳೂ ಪ್ರೋಮೋ ರಿವಾರ್ಡ್ಸ್ ಬಿಡುತ್ತದೆ. ಫ್ಲೈಯಿಂಗ್ ಬ್ಲೂ ಮೈಲ್ಸ್ ಟಿಕೆಟ್‌ನಲ್ಲಿ ಪ್ಯಾರಿಸ್ಸಿನಲ್ಲೋ ಆಂಸ್ಟರ್‌ಡಾಂನಲ್ಲೋ ಕೆಲವು ದಿನ ಇಳಿದುಕೊಂಡು ಮುಂದೆ ಹೋಗುವುದಕ್ಕೂ ಹೆಚ್ಚಿನ ಮೈಲ್ಸ್ ಕೇಳುವುದಿಲ್ಲ.

ಕೂಡಿಡುವವರ ಕಥೆ

ಆಕ್ಸಿಸ್ ಮ್ಯಾಗ್ನಸ್ ಕಾರ್ಡ್ ಒಂದು ಕಾಲಕ್ಕೆ ಪಾಯಿಂಟ್ ಪ್ರಿಯರ ಕಣ್ಮಣಿ. ಐದು ಪಾಯಿಂಟ್ ಕೊಟ್ಟರೆ ನಾಲ್ಕು ಮೈಲ್ಸ್. ತಿಂಗಳಿಗೆ ಒಂದು ಲಕ್ಷ ಖರ್ಚು ಮಾಡಿದರೆ 25,000 ಪಾಯಿಂಟ್ ಬೋನಸ್. ಜನ ಲಕ್ಷಗಟ್ಟಲೆ ಪಾಯಿಂಟ್ ಕೂಡಿಟ್ಟರು. 2023ರ ಸೆಪ್ಟೆಂಬರ್ 1ರಿಂದ ಬೋನಸ್ ನಿಂತಿತು, ಟ್ರಾನ್ಸ್‌ಫರ್ ದರ ಐದಕ್ಕೆ ಎರಡಾಯಿತು. ಒಂದು ಲಕ್ಷ ಪಾಯಿಂಟಿಗೆ 80,000 ಮೈಲ್ಸ್ ಸಿಗುತ್ತಿದ್ದದ್ದು 40,000ಕ್ಕೆ ಇಳಿಯಿತು. ವಾರ್ಷಿಕ ಶುಲ್ಕ ಮಾತ್ರ 10,000ದಿಂದ 12,500ಕ್ಕೆ ಏರಿತು. ಏರ್‌ಲೈನ್‌ಗಳೂ ಕಮ್ಮಿ ಇಲ್ಲ. ಕ್ರಿಸ್‌ಫ್ಲೈಯರ್ 2025ರ ನವೆಂಬರ್ 1ರಿಂದ ತನ್ನ ಮೈಲ್ಸ್ ಪಟ್ಟಿಯನ್ನು ಏರಿಸಿತು.

ಬ್ಯಾಂಕಿನಲ್ಲಿಟ್ಟ ದುಡ್ಡಿಗೆ ಬಡ್ಡಿ ಬರುತ್ತದೆ. ಪಾಯಿಂಟಿಗೆ ಬಡ್ಡಿ ಇಲ್ಲ, ಸವಕಳಿ ಮಾತ್ರ. ಏರ್‌ಲೈನ್ ಮುಚ್ಚಿದರೆ ಕೇಳುವವರೂ ಇಲ್ಲ. ಬೆಂಗಳೂರಿನಲ್ಲೇ ನೆಲೆ ಇದ್ದ ಕಿಂಗ್‌ಫಿಶರ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿತು. ಕಿಂಗ್ ಕ್ಲಬ್ ಮೈಲ್ಸ್ ಇದ್ದವರಿಗೆ ಅದನ್ನು ಬಳಸಲು ವಿಮಾನವೇ ಇಲ್ಲದಾಯಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಿತು. ಒಂದು ಗೊತ್ತಾದ ಪ್ರಯಾಣಕ್ಕೆ ಸಾಕಾಗುವಷ್ಟು ಸೇರಿಸಿ, ಬಳಸಿ, ಮತ್ತೆ ಶುರು ಮಾಡಿ. ‘ಮುಂದೊಂದು ದಿನ ಯುರೋಪ್’ ಅನ್ನುವುದಕ್ಕೆ ವರ್ಷಗಟ್ಟಲೆ ಕೂಡಿಡುವುದನ್ನು ನಾನು ಒಪ್ಪುವುದಿಲ್ಲ.

ಅಂದಹಾಗೆ, ಈ ಲೆಕ್ಕವೆಲ್ಲ ಬಿಲ್ಲನ್ನು ಪೂರ್ತಿ, ಸಮಯಕ್ಕೆ ಕಟ್ಟುವವರಿಗೆ ಮಾತ್ರ. 50,000 ರೂಪಾಯಿ ಖರ್ಚಿಗೆ ನೂರಕ್ಕೆ ಎರಡರಂತೆ ಸಾವಿರ ರೂಪಾಯಿಯ ಪಾಯಿಂಟ್ ಬಂತು ಅನ್ನಿ. ಆ ಮೊತ್ತ ಒಂದೇ ಒಂದು ತಿಂಗಳು ಬಾಕಿ ಉಳಿದರೂ, ತಿಂಗಳಿಗೆ 3.75 ಪರ್ಸೆಂಟಿನಂತೆ ಬಡ್ಡಿ 1,875, ಅದರ ಮೇಲೆ ಜಿಎಸ್‌ಟಿ ಸೇರಿ 2,200 ದಾಟುತ್ತದೆ. ಶುಲ್ಕವನ್ನೂ ಮರೆಯಬೇಡಿ. 12,500ರ ಕಾರ್ಡ್ ಜಿಎಸ್‌ಟಿ ಸೇರಿ 14,750 ಆಗುತ್ತದೆ. ವರ್ಷಕ್ಕೆ ಒಂದೆರಡು ಸಲ ಊರಿಗೋ ತಿರುಪತಿಗೋ ಹೋಗಿಬರುವ ಮನೆಗೆ ಇದು ಯಾವುದೂ ಬೇಡ. ಆನ್‌ಲೈನ್ ಖರೀದಿಗೆ ನೇರವಾಗಿ 5 ಪರ್ಸೆಂಟ್ ವಾಪಸ್ ಕೊಡುವ ಕಾರ್ಡ್‌ಗಳಿವೆ. ಅದಕ್ಕೆ ಭಾಗಾಕಾರ ಬೇಡ, ಸೀಟು ಹುಡುಕುವ ಕೆಲಸವೂ ಇಲ್ಲ. ನಿಮ್ಮ ಪಾಯಿಂಟ್ ಕಾರ್ಡ್ ಎಲ್ಲ ಕಳೆದು 5 ಪರ್ಸೆಂಟ್ ದಾಟದಿದ್ದರೆ ಅದನ್ನು ಇಟ್ಟುಕೊಳ್ಳುವುದು ಬರೀ ಹವ್ಯಾಸ.

ಅಪ್ಪ ಅಮ್ಮನ ಟಿಕೆಟ್, ಮತ್ತು ಇನಿಷಿಯಲ್ ತಲೆನೋವು

ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಆಟ ಇನ್ನೂ ಸಲೀಸು. ಅಲ್ಲಿನ ಚೇಸ್‌ನಂಥ ಬ್ಯಾಂಕುಗಳು ಏರೋಪ್ಲಾನ್, ಯುನೈಟೆಡ್, ಕ್ರಿಸ್‌ಫ್ಲೈಯರ್, ಫ್ಲೈಯಿಂಗ್ ಬ್ಲೂ ಮುಂತಾದವಕ್ಕೆ ಒಂದಕ್ಕೆ ಒಂದು ಕೊಡುತ್ತವೆ. ಮಗ ತನ್ನ ಪಾಯಿಂಟನ್ನು ತನ್ನದೇ ಏರೋಪ್ಲಾನ್ ಖಾತೆಗೆ ಹಾಕಿಕೊಂಡು, ಬೆಂಗಳೂರಿನಿಂದ ಹೊರಡುವ ಅಪ್ಪ ಅಮ್ಮನ ಹೆಸರಿಗೆ ಟಿಕೆಟ್ ತೆಗೆಯಬಹುದು. ಪಾಯಿಂಟನ್ನು ಅವರ ಖಾತೆಗೆ ಕಳಿಸಬೇಕಾಗಿಲ್ಲ. ಕ್ರಿಸ್‌ಫ್ಲೈಯರ್‌ನಲ್ಲಾದರೆ ಮೊದಲು ಅವರನ್ನು ನಾಮಿನಿ ಪಟ್ಟಿಗೆ ಸೇರಿಸಬೇಕು. ಆ ಪಟ್ಟಿಯಲ್ಲಿ ಐದೇ ಜನಕ್ಕೆ ಜಾಗ.

ಹಿರಿಯರಿಗೆ ತೆಗೆಯುವಾಗ ಮೈಲ್ಸ್ ಉಳಿಸುವ ಆಸೆಗೆ ಎರಡು ಬೇರೆ ಟಿಕೆಟ್ ಜೋಡಿಸಬೇಡಿ. ಬೆಂಗಳೂರಿನಿಂದ ಕೊನೆಯ ಊರಿನವರೆಗೂ ಒಂದೇ ಟಿಕೆಟ್, ಒಂದೇ ಪಿಎನ್‌ಆರ್ ಇರಲಿ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನದಕ್ಕೆ ಹತ್ತಿಸುವ ಹೊಣೆ ಆಗ ಏರ್‌ಲೈನ್‌ನದು. ಬೇರೆ ಬೇರೆ ಟಿಕೆಟ್ ಆದರೆ ಫ್ರಾಂಕ್‌ಫರ್ಟ್‌ನಲ್ಲಿ ಅಪ್ಪನೇ ಕೌಂಟರ್ ಹುಡುಕಬೇಕು. ವೀಲ್‌ಚೇರ್ ಬೇಕು ಅನ್ನುವುದನ್ನು ಮೈಲ್ಸ್ ಕೊಟ್ಟ ಏರ್‌ಲೈನ್‌ಗಲ್ಲ, ವಿಮಾನ ಹಾರಿಸುವ ಏರ್‌ಲೈನ್‌ಗೆ ಹೇಳಿ ಖಚಿತ ಮಾಡಿಕೊಳ್ಳಿ.

ಕೊನೆಗೆ ಹೆಸರು. ನಮ್ಮ ಕಡೆ ಬ್ಯಾಂಕಿನಲ್ಲಿ ಹೆಸರು ಎಚ್.ಎಸ್. ಅಂತ ಇನಿಷಿಯಲ್‌ನಲ್ಲಿ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಅದೇ ಎಚ್.ಎಸ್. ಊರಿನ ಹೆಸರೂ ಅಪ್ಪನ ಹೆಸರೂ ಆಗಿ ಬಿಡಿಸಿಕೊಂಡಿರುತ್ತದೆ. ಇನ್ನು ಕೆಲವರಿಗೆ ಸರ್‌ನೇಮ್ ಜಾಗವೇ ಖಾಲಿ. ಟಿಕೆಟ್ ಪಾಸ್‌ಪೋರ್ಟಿನ ಹಾಗಿರಬೇಕು. ಆದ್ದರಿಂದ ಮೈಲ್ಸ್ ಖಾತೆಯನ್ನೂ ಪಾಸ್‌ಪೋರ್ಟಿನ ಹಾಗೇ ತೆರೆಯಬೇಕು. ಆದರೆ ಟ್ರಾನ್ಸ್‌ಫರ್ ಮಾಡುವಾಗ ಬ್ಯಾಂಕಿನ ಹೆಸರು ಮತ್ತು ಮೈಲ್ಸ್ ಖಾತೆಯ ಹೆಸರು ಹೊಂದದಿದ್ದರೆ ಅದು ನಿಂತುಬಿಡಬಹುದು. ಸೀಟು ಕಣ್ಣೆದುರು ಇರುವಾಗ ಹೆಸರು ತಿದ್ದಿಸಲು ಕಾಲ್ ಸೆಂಟರಿಗೆ ಅಲೆಯುವಂತಾಗಬಾರದು. ಮೈಲ್ಸ್ ಖಾತೆ ತೆರೆಯಲು ದುಡ್ಡು ಕೊಡಬೇಕಾಗಿಲ್ಲ. ನಿಮ್ಮ ಕಾರ್ಡಿನಿಂದ ಕಳಿಸಬಹುದಾದ ಎರಡು ಮೂರು ಕಾರ್ಯಕ್ರಮಗಳಲ್ಲಿ ಈಗಲೇ ಖಾತೆ ತೆರೆದು, ಬ್ಯಾಂಕಿನ ದಾಖಲೆಯಲ್ಲಿ ಹೆಸರನ್ನು ಪಾಸ್‌ಪೋರ್ಟಿಗೆ ಹೊಂದಿಸಿಕೊಂಡು, ಒಂದು ಸಲ ಕನಿಷ್ಠ ಮೊತ್ತದಷ್ಟು ಪಾಯಿಂಟ್ ಕಳಿಸಿ ನೋಡಿ. ಸೇರಿತು ಅಂದರೆ ದಾರಿ ತೆರೆದಿದೆ ಅಂತ ಗೊತ್ತಾಗುತ್ತದೆ, ಎಷ್ಟು ಹೊತ್ತು ಬೇಕಾಯಿತು ಅನ್ನುವುದೂ ಗೊತ್ತಾಗುತ್ತದೆ.